ನೀಲಿ, ಆಲಿವ್, ಚಾಕೊಲೇಟ್ ಬಣ್ಣದ ಮೊಟ್ಟೆ: ತಳಿ, ಕ್ರಾಸ್, ಕಾವು. ಗೊತ್ತಿರುವವರು ಬರೆಯಿರಿ

ತುಂಗಾತೀರ (ಶಿವಮೊಗ್ಗ)
2025ರಲ್ಲಿ ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ನಾಟಿ ಕೋಳಿಯೊಂದು ನೀಲಿ ಮೊಟ್ಟೆ ಇಟ್ಟ ಸುದ್ದಿ ಓಡಾಡಿತಲ್ಲ, ಅಲ್ಲಿಂದಾಚೆ ಕೋಳಿ ಗುಂಪುಗಳಲ್ಲಿ ಎರಡೇ ಮಾತು. ಏನು ತಿನ್ನಿಸಿದರೆ ನೀಲಿ ಬರುತ್ತೆ ಅನ್ನೋದು ಒಂದು, "ಅರೌಕಾನಾ (ನೀಲಿ ಮೊಟ್ಟೆಯ ವಿದೇಶಿ ತಳಿ) ಮೊಟ್ಟೆ ಬೇಕಾ" ಅನ್ನೋ ಜಾಹೀರಾತು ಇನ್ನೊಂದು. ಬಣ್ಣ ಎಲ್ಲಿಂದ ಬರುತ್ತೆ, ಯಾವ ತಳಿ ಯಾವ ಬಣ್ಣ ಇಡುತ್ತೆ, ಒಂದೇ ಒಂದು ನೀಲಿ ಮೊಟ್ಟೆಯ ಹೇಂಟೆ ಇದ್ದರೆ ಅದರಿಂದ ನೀಲಿ ಮೊಟ್ಟೆಯ ಸಾಲು (ವಂಶ) ಕಟ್ಟೋದು ಹೇಗೆ? ಲೆಕ್ಕ, ಅಳತೆ ಸಮೇತ ಬರೆದರೆ ಒಳ್ಳೇದು.

ಚಿಪ್ಪುಲೋಕ
ಮೊದಲ ಪ್ರಶ್ನೆ ಮುಗಿಸಿಬಿಡೋಣ: ತಿನ್ನಿಸುವುದಕ್ಕೂ ಚಿಪ್ಪಿನ ಬಣ್ಣಕ್ಕೂ ಸಂಬಂಧ ಇಲ್ಲ. ಆಹಾರ ಬದಲಾದರೆ ಬದಲಾಗುವುದು ಒಳಗಿನ ಹಳದಿ ಮಾತ್ರ. ಮೆಕ್ಕೆಜೋಳ, ನುಗ್ಗೆ ಸೊಪ್ಪು, ಚೆಂಡುಹೂವಿನ ಎಸಳು ಇವೆಲ್ಲ ಹಳದಿಯನ್ನು ಗಾಢ ಮಾಡುತ್ತವೆ. ಗುಂಡ್ಲುಪೇಟೆ ಕಡೆ ಎಕರೆಗಟ್ಟಲೆ ಬೆಳೆಯುವ ಚೆಂಡುಹೂವು ದೇವರಿಗಿಂತ ಕೋಳಿ ಆಹಾರದ ಬಣ್ಣಕ್ಕೇ ಜಾಸ್ತಿ ಹೋಗುತ್ತೆ ಅಂದರೂ ತಪ್ಪಾಗಲಾರದು.

ಚಿಪ್ಪಿನ ಮೂಲ ವಸ್ತು ಕ್ಯಾಲ್ಸಿಯಂ ಕಾರ್ಬೊನೇಟ್, ಅದು ಬಿಳಿ. ಅದರ ಮೇಲೆ ಬಣ್ಣ ಕೊಡುವ ವಸ್ತು ಎರಡೇ.

ಬಿಲಿವರ್ಡಿನ್: ನೀಲಿ. ಚಿಪ್ಪು ಕಟ್ಟುವಾಗಲೇ ಒಳಗಿಂದ ಹೊರಗಿನವರೆಗೆ ಬೆರೆಯುತ್ತೆ. ನೀಲಿ ಮೊಟ್ಟೆ ಒಡೆದು ಒಳಪೊರೆ ಸುಲಿದು ನೋಡಿದರೆ ಒಳಗೂ ನೀಲಿ.

ಪ್ರೋಟೊಪಾರ್ಫಿರಿನ್: ಕಂದು. ಬಹುಪಾಲು ಕೊನೆಯ ಕೆಲವು ಗಂಟೆಗಳಲ್ಲಿ ಹೊರಮೈಗೆ ಬಳಿದ ಹಾಗೆ ಕೂರುತ್ತೆ. ಅದಕ್ಕೇ ಕಂದು ಮೊಟ್ಟೆಯ ಒಳಮೈ ಬಿಳಿಚಿಕೊಂಡಿರುತ್ತೆ. ಹಸಿಯಾಗಿದ್ದಾಗ ಉಗುರು ತಾಗಿದರೂ ಗೀರು ಬೀಳುತ್ತೆ.

ಉಳಿದದ್ದೆಲ್ಲ ಇವೆರಡರ ಆಟ. ನೀಲಿ ಚಿಪ್ಪಿನ ಮೇಲೆ ತೆಳು ಕಂದು ಬಿದ್ದರೆ ಹಸಿರು, ಗಾಢ ಕಂದು ಬಿದ್ದರೆ ಆಲಿವ್. "ಗುಲಾಬಿ", "ನೇರಳೆ" ಅಂತ ಮಾರುವುದು ಸಾಮಾನ್ಯವಾಗಿ ಕಂದು ಅಥವಾ ಕೆನೆ ಬಣ್ಣದ ಮೊಟ್ಟೆಯೇ, ಮೇಲೆ ದಪ್ಪ ಬಿಳಿ ಪೊರೆ ಇರುತ್ತೆ ಅಷ್ಟೆ. ತೊಳೆದರೆ ನೇರಳೆ ನೀರಿನ ಪಾಲು.

ರುಚಿ, ಪೋಷಕಾಂಶ ಇವಕ್ಕೂ ಚಿಪ್ಪಿನ ಬಣ್ಣಕ್ಕೂ ನಂಟಿಲ್ಲ.

ಡೆವನ್_ಹಿತ್ತಲು (ಇಂಗ್ಲೆಂಡ್)
ತಳಿಗಳ ವಿಷಯ. ನೀಲಿಯ ಮೂಲ ಎರಡು ಕಡೆ. ಒಂದು ದಕ್ಷಿಣ ಚಿಲಿಯ ಮಾಪುಚೆ ಜನರ ಕೋಳಿಗಳು, ಇನ್ನೊಂದು ಚೀನಾದ ದೊಂಗ್‌ಶಿಯಾಂಗ್ ಮತ್ತು ಲುಶಿ ಕೋಳಿಗಳು. ಎರಡೂ ಕಡೆ ಕಾರಣ ಒಂದೇ: ಹಿಂದೆಂದೋ ಒಂದು ರೆಟ್ರೋವೈರಸ್‌ನ ತುಣುಕು ಒಂದನೇ ಕ್ರೋಮೋಸೋಮಿನಲ್ಲಿ SLCO1B3 ಎಂಬ ಜೀನ್ ಪಕ್ಕ ಸೇರಿಕೊಂಡು, ಆ ಜೀನ್ ಚಿಪ್ಪು ಗ್ರಂಥಿಯಲ್ಲಿ ಕೆಲಸ ಮಾಡುವ ಹಾಗೆ ಮಾಡಿತು. ಸೇರಿಕೊಂಡ ಜಾಗ ಮಾತ್ರ ಎರಡು ಕಡೆ ಬೇರೆಬೇರೆ, ಅಂದರೆ ಒಂದೇ ಘಟನೆ ಎರಡು ಸಲ ಆಗಿದೆ. ಇದು ಬೆಳಕಿಗೆ ಬಂದದ್ದು 2013ರಲ್ಲಿ. "ನೀಲಿ ಮೊಟ್ಟೆ ಅಂದರೆ ವೈರಸ್ ಮೊಟ್ಟೆ" ಅಂತ ಫಾರ್ವರ್ಡ್ ಬಂದರೆ ಅಳಿಸಿಹಾಕಿ. ಅದು ಹರಡುವ ವೈರಸ್ ಅಲ್ಲ, ಡಿಎನ್‌ಎಯೊಳಗೆ ಉಳಿದ ಹಳೇ ತುಣುಕು.

ಅರೌಕಾನಾ: ಅಮೆರಿಕದ ಮಾನದಂಡದಲ್ಲಿ ಬಾಲವಿಲ್ಲ, ಕಿವಿ ಬಳಿ ಗರಿಗೊಂಚಲು. ಬ್ರಿಟನ್ನಿನ ಅರೌಕಾನಾಕ್ಕೆ ಬಾಲ ಇದೆ.
ಅಮೆರಾಕಾನಾ: ಬಾಲ ಇದೆ, ಗಡ್ಡ ಇದೆ, ಗೊಂಚಲಿಲ್ಲ. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ 1984ರಲ್ಲಿ ತಳಿಯಾಗಿ ಒಪ್ಪಿತು.
ಕ್ರೀಮ್ ಲೆಗ್‌ಬಾರ್: 1930ರ ದಶಕದಲ್ಲಿ ಕೇಂಬ್ರಿಡ್ಜ್‌ನಲ್ಲಿ ಪನೆಟ್ ಮತ್ತು ಪೀಸ್ ಶುರು ಮಾಡಿದ ಕೆಲಸದ ಫಲ, 1958ರಲ್ಲಿ ಮಾನದಂಡ ಬಂತು. ಕಾಲೇಜಿನಲ್ಲಿ ಬರೆಸುವ ಪನೆಟ್ ಚೌಕದ ಪನೆಟ್ಟರೇ ಇವರು. ಮೊಟ್ಟೆ ನೀಲಿ, ಮರಿ ಹೊರಬಂದ ದಿನವೇ ಗಂಡೋ ಹೆಣ್ಣೋ ಬಣ್ಣದಲ್ಲೇ ಗೊತ್ತಾಗುತ್ತೆ.
ಮಾರನ್ಸ್: ಫ್ರಾನ್ಸಿನ ಲಾ ರೋಶೆಲ್ ಹತ್ತಿರದ ಊರಿನ ಹೆಸರು. ಚಾಕೊಲೇಟ್ ಕಂದು. ಫ್ರೆಂಚರ ಬಣ್ಣಪಟ್ಟಿ 1ರಿಂದ 9, ನಾಲ್ಕಕ್ಕಿಂತ ತೆಳುವಾದರೆ ಮಾರನ್ಸ್ ಲೆಕ್ಕಕ್ಕಿಲ್ಲ.
ವೆಲ್ಸಮರ್, ಬಾರ್ನೆವೆಲ್ಡರ್: ನೆದರ್‌ಲ್ಯಾಂಡ್ಸ್. ಮೊದಲನೆಯದು ಹೆಂಚಿನ ಬಣ್ಣ, ಮೇಲೆ ಚುಕ್ಕೆ.
ಪೆನೆದೆಸೆಂಕಾ: ಸ್ಪೇನಿನ ಕತಲೋನಿಯಾ. ಬಿಸಿಲು ತಡೆಯುತ್ತೆ, ಮೊಟ್ಟೆ ಮಾರನ್ಸ್‌ಗೆ ಸಮ ನಿಲ್ಲುವಷ್ಟು ಗಾಢ. ಹೆದರುಪುಕ್ಕಲು ಹಕ್ಕಿ.

"ಈಸ್ಟರ್ ಎಗ್ಗರ್" (ನೀಲಿ ಜೀನ್ ಇರುವ ಮಿಶ್ರ ಕೋಳಿ), "ಆಲಿವ್ ಎಗ್ಗರ್" (ಆಲಿವ್ ಮೊಟ್ಟೆಯ ಮಿಶ್ರ ಕೋಳಿ) ತಳಿಗಳಲ್ಲ, ಕ್ರಾಸ್‌ಗಳು. "ಅಮೆರಿಕಾನಾ" ಅಂತ ಹ್ಯಾಚರಿಗಳು ಮಾರುವುದೂ ಸಾಮಾನ್ಯವಾಗಿ ಈಸ್ಟರ್ ಎಗ್ಗರೇ.

ಹಾಸನದ_ಹುಂಜ
ಅರೌಕಾನಾ ಮರಿ ಆಗೋದು ಕಷ್ಟ ಅಂತಾರಲ್ಲ, ಯಾಕೆ? ಕಾವಿನ ತೊಂದರೆನಾ?

ಡೆವನ್_ಹಿತ್ತಲು
ಕಾವಿನದ್ದಲ್ಲ ಸರ್, ಗೊಂಚಲಿನ ಜೀನ್‌ನದ್ದು. ಎರಡೂ ಕಡೆಯಿಂದ ಅದೇ ಜೀನ್ ಬಂದ ಭ್ರೂಣ ಚಿಪ್ಪಿನೊಳಗೇ ಕೊನೆಯ ದಿನಗಳಲ್ಲಿ ಸಾಯುತ್ತೆ. ಗೊಂಚಲಿರುವ ಹುಂಜಕ್ಕೆ ಗೊಂಚಲಿರುವ ಹೇಂಟೆ ಬಿಟ್ಟರೆ ಫಲವಾದ ನಾಲ್ಕು ಮೊಟ್ಟೆಗೆ ಒಂದು ಹೋಯಿತು ಅಂತಲೇ ಲೆಕ್ಕ. ಗೊಂಚಲಿದ್ದದ್ದಕ್ಕೆ ಇಲ್ಲದ್ದನ್ನು ಜೋಡಿಸಿದರೆ ಆ ನಷ್ಟ ಇಲ್ಲ, ಅರ್ಧ ಮರಿಗಳಿಗೆ ಗೊಂಚಲೂ ಸಿಗುತ್ತೆ. ಬಾಲವಿಲ್ಲದ್ದು ಇನ್ನೊಂದು ತಲೆನೋವು: ಗುದದ ಸುತ್ತಲ ಗರಿ ಅಡ್ಡ ಬಂದು ಫಲ ಕಟ್ಟುವುದು ಕಡಿಮೆ, ಜೋಡಿ ಹಾಕುವ ಮೊದಲು ಎರಡಕ್ಕೂ ಅಲ್ಲಿ ಗರಿ ಕತ್ತರಿಸಬೇಕು. ಬರೀ ನೀಲಿ ಮೊಟ್ಟೆ ಬೇಕಿದ್ದರೆ ಈ ರಗಳೆಯೇ ಬೇಡ, ಲೆಗ್‌ಬಾರ್ ಅಥವಾ ಅಮೆರಾಕಾನಾ ಸಾಕು.

ಆಸ್ಟಿನ್_ಗೂಡು (ಟೆಕ್ಸಸ್)
ಆಲಿವ್ ಬಗ್ಗೆ ಬರೆಯುತ್ತೇನೆ. ನೀಲಿ ಜೀನ್ ಪ್ರಬಲ. ಅದನ್ನು O ಅನ್ನೋಣ, ಇಲ್ಲದ್ದನ್ನು o. ಒಂದು ಪ್ರತಿ ಇದ್ದರೂ ಚಿಪ್ಪು ನೀಲಿ, ಎರಡಿದ್ದರೆ ಇನ್ನೂ ಗಟ್ಟಿ ನೀಲಿ. ಕಂದು ಹಾಗಲ್ಲ, ಹಲವು ಜೀನ್‌ಗಳು ಸೇರಿ ಆಗುವುದು. ನೀಲಿ ಒಂದೇ ತಲೆಮಾರಿನಲ್ಲಿ ಕೈಗೆ ಸಿಗುತ್ತೆ, ಗಾಢ ಕಂದಿಗೆ ತಲೆಮಾರುಗಟ್ಟಲೆ ಆಯ್ಕೆ ಬೇಕು.

ಶುದ್ಧ ನೀಲಿ (OO) × ಮಾರನ್ಸ್ (oo): ಹೆಣ್ಣು ಮರಿಗಳೆಲ್ಲ Oo, ಎಲ್ಲವೂ ಹಸಿರು ಅಥವಾ ಆಲಿವ್ ಇಡುತ್ತವೆ.
ಆ ಮರಿಯನ್ನು ಮತ್ತೆ ಮಾರನ್ಸ್‌ಗೆ ಹಾಕಿದರೆ: ಅರ್ಧ ಕಡು ಆಲಿವ್, ಅರ್ಧ ಬರೀ ಕಂದು.
ಆ ಮರಿಯನ್ನು ಶುದ್ಧ ನೀಲಿಗೆ ಹಾಕಿದರೆ: ಎಲ್ಲವೂ ನೀಲಿ-ಹಸಿರು, ತೆಳು.
ಅಣ್ಣ-ತಂಗಿ ಜೋಡಿ ಹಾಕಿದರೆ: 16 ಹೆಣ್ಣಿಗೆ ಸರಾಸರಿ 4 ಕಂದು, 12 ನೀಲಿಯಿಂದ ಆಲಿವ್‌ವರೆಗೆ ಯಾವುದಾದರೂ.

ಯಾವುದು ಹುಂಜ, ಯಾವುದು ಹೇಂಟೆ ಅನ್ನುವುದೂ ಮುಖ್ಯ. ಬ್ಲ್ಯಾಕ್ ಕಾಪರ್ ಮಾರನ್ಸ್ ಹುಂಜಕ್ಕೆ ಕ್ರೀಮ್ ಲೆಗ್‌ಬಾರ್ ಹೇಂಟೆ ಬಿಡಿ. ಲೆಗ್‌ಬಾರ್‌ನ ಗರಿಗೆ ಪಟ್ಟೆ ಕೊಡುವ ಜೀನ್ ಲಿಂಗ ಕ್ರೋಮೋಸೋಮಿನಲ್ಲಿದೆ, ತಾಯಿ ಅದನ್ನು ಗಂಡು ಮರಿಗೆ ಮಾತ್ರ ಕೊಡುತ್ತಾಳೆ. ಹಾಗಾಗಿ ತಲೆ ಮೇಲೆ ಬಿಳಿ ಮಚ್ಚೆ ಇದ್ದ ಮರಿ ಗಂಡು, ಇಲ್ಲದ್ದು ಹೆಣ್ಣು, ಮೊದಲ ದಿನವೇ ಬೇರೆ ಮಾಡಬಹುದು. ತಿರುಗಾಮುರುಗಾ ಮಾಡಿದರೆ ಎಲ್ಲಾ ಮರಿಗೂ ಪಟ್ಟೆ ಬಂದು ಈ ಅನುಕೂಲ ಹೋಗುತ್ತೆ. ಕುಕೂ ಮಾರನ್ಸ್ ಹುಂಜವಾದರೂ ಅಷ್ಟೇ, ಅದರಲ್ಲೇ ಪಟ್ಟೆ ಇದೆ.

ಹುಂಜ ಮೊಟ್ಟೆ ಇಡುವುದಿಲ್ಲ ನಿಜ, ಆದರೆ ಅರ್ಧ ಬಣ್ಣ ಅವನದ್ದು. ಮಾರನ್ಸ್ ಹುಂಜವನ್ನು ಗರಿ ನೋಡಿ ಕೊಳ್ಳಬೇಡಿ. ಅವನು ಹೊರಬಂದ ಮೊಟ್ಟೆಯ ಬಣ್ಣ ಕೇಳಿ, ಸಾಧ್ಯವಾದರೆ ಅವನ ಅಕ್ಕತಂಗಿಯರ ಮೊಟ್ಟೆ ನೋಡಿ.

ತುಂಗಾತೀರ
ಹುಂಜದಲ್ಲಿ ನೀಲಿ ಜೀನ್ ಇದೆಯೋ ಇಲ್ಲವೋ ತಿಳಿಯೋದು ಹೇಗೆ? ಜುಟ್ಟು ನೋಡಿ ಹೇಳಬಹುದು ಅಂತ ಒಬ್ಬರು ಹೇಳಿದರು.

ಚಿಪ್ಪುಲೋಕ
ಅರ್ಧ ನಿಜ. ಬಟಾಣಿ ಜುಟ್ಟಿನ ಜೀನ್ (ಮೂರು ಸಾಲಾಗಿ ತಲೆಗೆ ಅಂಟಿದ ಮೋಟು ಜುಟ್ಟು) ಮತ್ತು ನೀಲಿ ಜೀನ್ ಒಂದೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಕೂತಿವೆ. ಅಮೆರಾಕಾನಾದಲ್ಲಿ ಎರಡೂ ಒಟ್ಟಿಗಿವೆ. ಅದರ ಕ್ರಾಸ್ ಅನ್ನು ಒಂಟಿ ಜುಟ್ಟಿನ ಮಾರನ್ಸ್‌ಗೆ ಮತ್ತೆ ಹಾಕಿದಾಗ ಬಟಾಣಿ ಜುಟ್ಟಿನ ಮರಿ ನೀಲಿ ಜೀನ್ ಹೊತ್ತಿರುವ ಸಾಧ್ಯತೆ ಸುಮಾರು 95%ಕ್ಕೂ ಹೆಚ್ಚು. ಒಂಟಿ ಜುಟ್ಟಿನದ್ದನ್ನು ಎರಡು ವಾರದಲ್ಲೇ ಬೇರೆ ಮಾಡಿ ಮೇವು ಉಳಿಸಬಹುದು.

ಆದರೆ ಲೆಗ್‌ಬಾರ್‌ಗೆ ಒಂಟಿ ಜುಟ್ಟು, ನೀಲಿ ಜೀನೂ ಇದೆ. ಅಲ್ಲಿ ಜುಟ್ಟು ಏನೂ ಹೇಳುವುದಿಲ್ಲ.

ನಮ್ಮ ಕಡೆ ಇದಕ್ಕಿಂತ ದೊಡ್ಡ ಗೊಂದಲ ಅಸೀಲ್ (ಕಾಳಗದ ಕೋಳಿ ತಳಿ). ಅಸೀಲ್‌ಗೆ ಬಟಾಣಿ ಜುಟ್ಟು, ನೀಲಿ ಜೀನ್ ಇಲ್ಲ. ನಾಟಿ ಕೋಳಿಗಳಲ್ಲಿ ಅಸೀಲ್ ರಕ್ತ ಬೇಕಾದಷ್ಟು ಬೆರೆತಿದೆ. ಹಾಗಾಗಿ ನಾಟಿ ಹುಂಜದ ಮೋಟು ಜುಟ್ಟು ತೋರಿಸಿ "ಇದು ನೀಲಿ ಸಾಲು" ಅಂದರೆ ನಂಬಬೇಡಿ.

ಖಚಿತ ದಾರಿ ಎರಡು. ಡಿಎನ್‌ಎ ಪರೀಕ್ಷೆ; ಗರಿ ಕಳಿಸಿದರೆ ಮಾಡಿಕೊಡುವ ಲ್ಯಾಬ್‌ಗಳು ಅಮೆರಿಕದಲ್ಲಿವೆ. ಇಲ್ಲವೇ ಬಿಳಿ ಮೊಟ್ಟೆಯ ಹೇಂಟೆಗಳಿಗೆ ಅವನನ್ನು ಬಿಟ್ಟು ಹೆಣ್ಣುಮರಿಗಳ ಮೊಟ್ಟೆ ನೋಡುವುದು. ಒಂದು ಬಿಳಿ ಮೊಟ್ಟೆ ಬಂದರೂ ಅವನು OO ಅಲ್ಲ. ಐದು ಹೆಣ್ಣೂ ನೀಲಿ ಇಟ್ಟರೆ ಅವನು Oo ಆಗಿದ್ದೂ ನಮ್ಮ ಕಣ್ಣು ತಪ್ಪಿಸಿರುವ ಸಾಧ್ಯತೆ 32ರಲ್ಲಿ ಒಂದು. ಏಳಾದರೆ 128ರಲ್ಲಿ ಒಂದು. ಏಳಕ್ಕೆ ನಿಲ್ಲಿಸಬಹುದು.

ಹಾಸನದ_ಹುಂಜ
ಚನ್ನಗಿರಿಯಂಥ ಒಂಟಿ ಹೇಂಟೆ ಸಿಕ್ಕರೆ?

ಚಿಪ್ಪುಲೋಕ
ಮೊದಲು ಅದು ನಿಜವಾದ ನೀಲಿಯೋ ಅಲ್ಲವೋ ನೋಡಿ. ಖಾಲಿ ಚಿಪ್ಪಿನ ಒಳಪೊರೆ ಸುಲಿದು ಹಗಲ ಬೆಳಕಲ್ಲಿ ನೋಡಿ, ಒಳಗೂ ನೀಲಿ ಇರಬೇಕು. ಬಣ್ಣ ಹಚ್ಚಿದ ಬಿಳಿ ಮೊಟ್ಟೆಯಾದರೆ ಒಳಗೆ ಬಿಳಿ, ಹೆಚ್ಚೆಂದರೆ ರಂಧ್ರಗಳಲ್ಲಿ ಚುಕ್ಕೆ. ಚಿಪ್ಪಿನ ಚೂರನ್ನು ಬಿಳಿ ವಿನೆಗರ್‌ನಲ್ಲಿ ಮುಳುಗಿಸಿದರೆ ಇನ್ನೂ ಸ್ಪಷ್ಟ: ಹೊರಪದರ ಕರಗಿದ ಮೇಲೂ ಉಳಿದ ಭಾಗ ನೀಲಿಯೇ ಇರಬೇಕು. ಮೊಟ್ಟೆ ಒಂದಲ್ಲ, ಸತತವಾಗಿ ಎಲ್ಲವೂ ನೀಲಿ ಬರಬೇಕು. ಹೇಂಟೆ ಜೀವಮಾನವಿಡೀ ಒಂದೇ ಮೂಲಬಣ್ಣ ಇಡುತ್ತೆ, ಇವತ್ತು ನೀಲಿ ನಾಳೆ ಬಿಳಿ ಅಂತ ಇಲ್ಲ.

ನಿಜ ಅಂತಾದರೆ ಅವಳು ಬಹುಶಃ Oo. ಅವಳನ್ನು ಒಳ್ಳೆಯ ಹುಂಜದ ಜೊತೆ ಬೇರೆ ಗೂಡಿನಲ್ಲಿಡಿ. ಮೊದಲು ಬೇರೆ ಹುಂಜದ ಜೊತೆ ಇದ್ದಿದ್ದರೆ ಮೂರು ವಾರ ಮೊಟ್ಟೆ ಎತ್ತಿಡಬೇಡಿ, ಹಳೇ ವೀರ್ಯ ಅಷ್ಟು ದಿನ ಉಳಿದಿರುತ್ತೆ. ಮರಿಗಳಲ್ಲಿ ಹೆಣ್ಣಿನ ಅರ್ಧ ನೀಲಿ ಇಡುತ್ತವೆ. ಗಂಡಿನ ಅರ್ಧವೂ ಜೀನ್ ಹೊತ್ತಿರುತ್ತೆ, ಯಾವುದು ಅಂತ ಕಾಣಲ್ಲ.

ತಾಯಿಗೇ ಮಗನನ್ನು ಬಿಟ್ಟರೆ OO ಬೇಗ ಸಿಗುತ್ತೆ, ಆದರೆ ರಕ್ತ ಹತ್ತಿರವಾಗಿ ಮರಿ ಹೊರಬರುವುದು ಇಳಿಯುತ್ತೆ. ಎರಡು ಹುಂಜ ಇಟ್ಟುಕೊಳ್ಳುವುದು ಮೇಲು. ಮೊದಲ ವರ್ಷ ಒಂದರಿಂದ, ಎರಡನೇ ವರ್ಷ ಸಂಬಂಧವಿಲ್ಲದ ಇನ್ನೊಂದರಿಂದ ಮರಿ ಮಾಡಿ. ಮೊದಲ ಗುಂಪಿನ ನೀಲಿ ಹೆಣ್ಣುಗಳಿಗೆ ಎರಡನೇ ಗುಂಪಿನ ಮೂರ್ನಾಲ್ಕು ಗಂಡುಗಳನ್ನು ಬೇರೆಬೇರೆ ಗೂಡಿನಲ್ಲಿ ಬಿಡಿ. ಯಾವ ಗೂಡಿನ ಹೆಣ್ಣುಮರಿಗಳಲ್ಲಿ ನೀಲಿ ಅರ್ಧಕ್ಕಿಂತ ಮೇಲೇರಿ ಮುಕ್ಕಾಲಿನ ಹತ್ತಿರ ಬರುತ್ತೋ ಆ ಗೂಡಿನ ಗಂಡು ಜೀನ್ ಹೊತ್ತವನು. ಗೂಡಿಗೆ ಐದಾರು ಹೆಣ್ಣುಮರಿ ಸಾಲದು, ಕನಿಷ್ಠ ಹನ್ನೆರಡು-ಹದಿನೈದಾದರೂ ಬೇಕು. ನಾಟಿ ಹೇಂಟೆ ಮೊಟ್ಟೆಗೆ ಬರಲು ಆರು ತಿಂಗಳಾಗುತ್ತೆ. ಸಾಲು ನಿಲ್ಲಲು ನಾಲ್ಕು ವರ್ಷ ಅಂತ ಇಟ್ಟುಕೊಳ್ಳಿ.

ಕೊಡಗಿನ_ಕಾವು
ನಾಲ್ಕು ವರ್ಷ! ಅಷ್ಟರಲ್ಲಿ ನರಿ ಲೆಕ್ಕ ಮುಗಿಸಿರುತ್ತೆ.

ಪಶುವೈದ್ಯೆ_ಮೈಸೂರು
ಬಣ್ಣ ಯಾಕೆ ಮಾಸುತ್ತೆ ಅನ್ನೋದೂ ತಿಳಿದಿರಲಿ, ಯಾಕೆಂದರೆ ಅದು ಎಷ್ಟೋ ಸಲ ರೋಗದ ಮೊದಲ ಗುರುತು.

ಸಹಜವಾಗಿ ಮಾಸುವುದು: ಮೊಟ್ಟೆಗೆ ಬಂದ ಹೊಸದರಲ್ಲಿ ಕಂದು ಗಾಢ, ಇಡುತ್ತ ಹೋದಂತೆ ತೆಳು. ಗರಿ ಉದುರಿ ವಿಶ್ರಾಂತಿ ಆದ ಮೇಲೆ ಮತ್ತೆ ಗಾಢ. ವಯಸ್ಸಾದಂತೆ ಮೊಟ್ಟೆ ದಪ್ಪವಾಗುತ್ತೆ, ಅಷ್ಟೇ ಬಣ್ಣ ಹೆಚ್ಚು ಜಾಗಕ್ಕೆ ಹರಡುತ್ತೆ. ಅದಕ್ಕೇ ಎರಡು ಮಾರನ್ಸ್ ಹೋಲಿಸುವಾಗ ಇಬ್ಬರೂ ಚಕ್ರದ ಒಂದೇ ಹಂತದಲ್ಲಿರಬೇಕು. ಮೊದಲ ವಾರದ ಮೊಟ್ಟೆ ಎಲ್ಲರದ್ದೂ ಚೆಂದ. ಮೂರು ತಿಂಗಳಾದ ಮೇಲೂ ಗಾಢವಾಗಿ ಇಡುವವಳೇ ತಾಯಿಯಾಗಲು ಯೋಗ್ಯ.

ಹೆದರಿಕೆ: ನಾಯಿ, ಹಾವು, ಪಟಾಕಿ. ಮೊಟ್ಟೆ ಬೇಗ ಜಾರಿಬಂದರೆ ಕೊನೆಯ ಬಣ್ಣ ಬೀಳುವುದೇ ಇಲ್ಲ. ತಡೆಹಿಡಿದರೆ ಬಣ್ಣದ ಮೇಲೆ ಸುಣ್ಣದ ಪುಡಿಯ ಪದರ ಕೂತು ಬೂದು-ಗುಲಾಬಿ ಕಾಣುತ್ತೆ.

ಔಷಧಿ: ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗಕ್ಕೆ ಬ್ರಾಯ್ಲರ್ ಮೇವಿನಲ್ಲಿ ಬೆರೆಸುವ ನೈಕಾರ್ಬಜಿನ್ ತಪ್ಪಿ ಮೊಟ್ಟೆ ಕೋಳಿಗೆ ಬಿದ್ದರೆ ಒಂದೆರಡು ದಿನದಲ್ಲೇ ಕಂದು ಬಿಳಿಚುತ್ತೆ, ಮರಿ ಆಗುವುದೂ ಇಳಿಯುತ್ತೆ. ನಿಲ್ಲಿಸಿದರೆ ಕೆಲವೇ ದಿನದಲ್ಲಿ ಬಣ್ಣ ವಾಪಸ್. ಮೇವಿನ ಚೀಲದ ಚೀಟಿ ಓದಿ.

ರೋಗ: ಇಡೀ ಗುಂಪಿನ ಕಂದು ಒಟ್ಟಿಗೇ ಮಾಸಿ, ಚಿಪ್ಪು ಮೆತ್ತಗೆ ಅಥವಾ ಸುಕ್ಕು ಸುಕ್ಕಾಗಿ, ಸಂಖ್ಯೆಯೂ ಬಿದ್ದರೆ ಇನ್ಫೆಕ್ಷಿಯಸ್ ಬ್ರಾಂಕೈಟಿಸ್, ಎಗ್ ಡ್ರಾಪ್ ಸಿಂಡ್ರೋಮ್, ಕೊಕ್ಕರೆ ರೋಗ ಇವುಗಳ ಅನುಮಾನ. ತಡಮಾಡದೆ ಪಶು ಆಸ್ಪತ್ರೆಗೆ ತಿಳಿಸಿ.

ಬಿಸಿಲಿಗೆ ತೇಕುವ ಕೋಳಿಯ ಚಿಪ್ಪು ತೆಳುವಾಗುತ್ತೆ. ಇಡುವ ಕೋಳಿಯ ಮೇವಿನಲ್ಲಿ ಕ್ಯಾಲ್ಸಿಯಂ 3.5ರಿಂದ 4%, ಪ್ರೋಟೀನ್ 16-17% ಇರಲಿ, ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ. ಅದೇ ಮೇವನ್ನು ಮರಿಗೆ ಹಾಕಬೇಡಿ, ಅಷ್ಟು ಕ್ಯಾಲ್ಸಿಯಂ ಮೂತ್ರಪಿಂಡ ಕೆಡಿಸುತ್ತೆ.

ಕೊಡಗಿನ_ಕಾವು
ಕಾವಿನ ವಿಷಯ ಬಿಟ್ಟುಹೋಗಿದೆ. ಗಾಢ ಮೊಟ್ಟೆಗೆ ಮಾಮೂಲಿ ಲೆಕ್ಕ ನಡೆಯಲ್ಲ. ಹೊರಪದರ ದಪ್ಪ, ನೀರು ನಿಧಾನವಾಗಿ ಆವಿಯಾಗುತ್ತೆ. ಮಾಮೂಲಿ ತೇವ ಇಟ್ಟರೆ ಗಾಳಿಗೂಡು (ಮೊಟ್ಟೆಯ ಅಗಲ ತುದಿಯ ಗಾಳಿ ಜಾಗ) ಚಿಕ್ಕದಾಗಿ, ಪೂರ್ತಿ ಬೆಳೆದ ಮರಿ 20-21ನೇ ದಿನ ಒಳಗೇ ಉಸಿರುಕಟ್ಟಿ ಸಾಯುತ್ತೆ. "ಮಾರನ್ಸ್ ಮರಿ ಆಗಲ್ಲ" ಅನ್ನೋ ದೂರಿನಲ್ಲಿ ಹೆಚ್ಚಿನದ್ದು ಇದೇ.

ಫ್ಯಾನ್ ಇರುವ ಇನ್‌ಕ್ಯುಬೇಟರ್‌ನಲ್ಲಿ 37.5 ಡಿಗ್ರಿ. ಮೊದಲ 18 ದಿನ ತೇವ 35-45%. ಮಳೆಗಾಲದಲ್ಲಿ ಮಲೆನಾಡಿನಲ್ಲಿ ನೀರೇ ಹಾಕದಿದ್ದರೂ ಇದಕ್ಕಿಂತ ಮೇಲಿರಬಹುದು, ಆಗ ಗಾಳಿಕಿಂಡಿ ಪೂರ್ತಿ ತೆರೆಯಿರಿ. ತೇವದ ಮೀಟರ್ ನಂಬುವ ಮೊದಲು ಪರೀಕ್ಷಿಸಿ: ಅಡುಗೆ ಉಪ್ಪನ್ನು ಒದ್ದೆ ಮರಳಿನ ಹದಕ್ಕೆ ನೆನೆಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು-ಹತ್ತು ಗಂಟೆ ಇಡಿ. 75% ತೋರಿಸಬೇಕು. ವ್ಯತ್ಯಾಸ ಇದ್ದಷ್ಟು ಕೂಡಿ-ಕಳೆದುಕೊಳ್ಳಿ.

ಮೀಟರ್‌ಗಿಂತ ತಕ್ಕಡಿ ನಂಬಿಕೆಯದ್ದು. 18ನೇ ದಿನಕ್ಕೆ ತೂಕ 11-13% ಇಳಿದಿರಬೇಕು. 65 ಗ್ರಾಂ ಮೊಟ್ಟೆ 56.5-58 ಗ್ರಾಂ ಆಗಬೇಕು. 7ನೇ ದಿನಕ್ಕೆ 62ರ ಹತ್ತಿರ ಬಂದಿರದಿದ್ದರೆ ನೀರು ತೆಗೆಯಿರಿ. 18ಕ್ಕೆ ತಿರುಗಿಸುವುದು ನಿಲ್ಲಿಸಿ ತೇವ 65-70% ಮಾಡಿ, ಮುಚ್ಚಳ ತೆಗೆಯಬೇಡಿ.

ದೀಪ ಹಿಡಿದು ನೋಡಲು 7ನೇ ದಿನ ಆತುರ ಬೇಡ, ಚಾಕೊಲೇಟ್ ಮೊಟ್ಟೆಯಲ್ಲಿ ಏನೂ ಕಾಣಲ್ಲ. 10ನೇ ದಿನ, ಕತ್ತಲ ಕೋಣೆ, ಬಾಯಿಗೆ ರಬ್ಬರ್ ಸುತ್ತಿದ ಪ್ರಖರ ಎಲ್‌ಇಡಿ ಟಾರ್ಚ್, ಅಗಲದ ತುದಿಗೆ ಒತ್ತಿ. ಆಗಲೂ ಕಂಡದ್ದು ಗಾಳಿಗೂಡಿನ ಗೆರೆ ಮಾತ್ರ ಆದರೆ ಅದನ್ನೇ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಕಾವಿಗಿಡುವ ಮೊಟ್ಟೆ ತೊಳೆಯಲೇಬೇಡಿ.

ಹಾಸನದ_ಹುಂಜ
ಕಡಕ್‌ನಾಥ್ ಕಪ್ಪು ಮೊಟ್ಟೆ ಇಡುತ್ತೆ ಅಂತ ಫೋಟೊ ಬರುತ್ತಲ್ಲ? ಮತ್ತೆ ಟೀ ಡಿಕಾಕ್ಷನ್‌ನಲ್ಲಿ ಅದ್ದಿದ "ನಾಟಿ ಮೊಟ್ಟೆ" ಕಂಡುಹಿಡಿಯೋದು?

ಚಿಪ್ಪುಲೋಕ
ಕಡಕ್‌ನಾಥ್‌ಗೆ ಚರ್ಮ, ಮಾಂಸ, ಮೂಳೆ ಕಪ್ಪು. ಮೊಟ್ಟೆ ಕೆನೆಯಿಂದ ತಿಳಿಕಂದು, ಅಷ್ಟೇ. ಕಪ್ಪು ಮೊಟ್ಟೆ ಇಡುವ ಕೋಳಿ ತಳಿ ಇಲ್ಲ. ಕಾಯುಗಾ ಬಾತು ಋತುವಿನ ಮೊದಲ ಮೊಟ್ಟೆಗಳನ್ನು ಕಪ್ಪು ಪೊರೆ ಸಮೇತ ಇಡುತ್ತೆ, ಎಮು ಮೊಟ್ಟೆ ಕಡು ಹಸಿರು. ಆ ಫೋಟೊಗಳೇ ಹೆಸರು ಬದಲಿಸಿಕೊಂಡು ಬರುತ್ತವೆ.

ಟೀ ಮೊಟ್ಟೆಗೆ ವಿನೆಗರ್ ಒರೆಸಿ ನೋಡಿ ಅನ್ನುವ ಸಲಹೆ ಕೆಟ್ಟದ್ದು, ವಿನೆಗರ್‌ಗೆ ಅಸಲಿ ಕಂದೂ ಹೋಗುತ್ತೆ. ಕತ್ತಲಲ್ಲಿ 365-395 ನ್ಯಾನೊಮೀಟರ್ ಅಲ್ಟ್ರಾವಯೊಲೆಟ್ ಟಾರ್ಚ್ ಹಾಕಿ. ಪ್ರೋಟೊಪಾರ್ಫಿರಿನ್ ಇದ್ದ ಚಿಪ್ಪು ಕೆಂಪಗೆ ಹೊಳೆಯುತ್ತೆ. ಬಿಳಿ ಮೊಟ್ಟೆಯೂ ಅಲ್ಪಸ್ವಲ್ಪ ಹೊಳೆಯುವುದರಿಂದ ಪಕ್ಕದಲ್ಲಿ ಖಾತ್ರಿಯ ಕಂದು ಮೊಟ್ಟೆ ಒಂದನ್ನಿಟ್ಟು ಹೋಲಿಸಿ. ಹಗಲಲ್ಲಿ ಕಂದು ಕಂಡು ಟಾರ್ಚಿಗೆ ಮಂಕಾಗಿದ್ದರೆ ಅನುಮಾನ ಪಡಿ. ಇನ್ನೊಂದು, ಕಂದು ಅಂದರೆ ನಾಟಿ ಅಂತಲ್ಲ. ಸುಧಾರಿತ ತಳಿಗಳಾದ ಗಿರಿರಾಜ, ಸ್ವರ್ಣಧಾರ ಮೊಟ್ಟೆಯೂ ಕಂದು, ಪಂಜರದ ಹೈಬ್ರಿಡ್ ಕೋಳಿಗಳಲ್ಲೂ ಕಂದು ಇಡುವವು ಇವೆ.

ತುಂಗಾತೀರ
"ಅರೌಕಾನಾ" ಫಲಮೊಟ್ಟೆ ಮಾರುವವರ ಹತ್ತಿರ ಏನು ಕೇಳಬೇಕು?

ಆಸ್ಟಿನ್_ಗೂಡು
ತಂದೆ-ತಾಯಿ ಇಬ್ಬರ ವಿಡಿಯೊ, ಗೂಡಿನಲ್ಲಿ ಬೇರೆ ಹುಂಜ ಇದೆಯೇ, ಒಡೆದ ಚಿಪ್ಪಿನ ಒಳಮೈ ಫೋಟೊ, ಈ ಸಾಲು ಎಲ್ಲಿಂದ ಬಂತು. ವಿದೇಶದಿಂದ ಫಲಮೊಟ್ಟೆ ತರಲು ಕೇಂದ್ರದ ಸ್ಯಾನಿಟರಿ ಇಂಪೋರ್ಟ್ ಪರ್ಮಿಟ್ ಬೇಕು, ಹಕ್ಕಿಜ್ವರ ಇರುವ ದೇಶದಿಂದ ನಿರ್ಬಂಧವೂ ಇದೆ. ಸೂಟ್‌ಕೇಸಿನಲ್ಲಿ ತಂದದ್ದು ಅಂತ ಹೇಳುವವರ ಹತ್ತಿರ ಹೋಗಲೇಬೇಡಿ. ನೀಲಿ ಮೊಟ್ಟೆ ಕೊಂಡರೂ ತಾಯಿ ನೀಲಿ ಇಡುತ್ತಾಳೆ ಅನ್ನೋದಷ್ಟೇ ಖಾತ್ರಿ. ತಾಯಿ Oo, ಹುಂಜ ಸಾದಾ ಆಗಿದ್ದರೆ ಅರ್ಧ ಮರಿಗಳು ಕೆನೆ ಮೊಟ್ಟೆಯವೇ.

ಬಸ್ಸಿನಲ್ಲೋ ಕೊರಿಯರ್‌ನಲ್ಲೋ ಬಂದ ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ 24 ಗಂಟೆ ಅಲುಗಾಡದೆ ಇಟ್ಟು ಆಮೇಲೆ ಕಾವಿಗಿಡಿ. ಗಾಳಿಗೂಡು ಕದಲಿದ್ದರೆ ಮೊದಲ ಮೂರು ದಿನ ತಿರುಗಿಸಬೇಡಿ.

ಕೊಡಗಿನ_ಕಾವು
ಒಂದೇ ಗೂಡಲ್ಲಿ ಆರೇಳು ಹೇಂಟೆ ಇದ್ದು ಆಲಿವ್ ಯಾರದ್ದು ಅಂತ ತಿಳಿಯದಿದ್ದರೆ: ರಾತ್ರಿ ಕೂತಿದ್ದಾಗ ಒಬ್ಬೊಬ್ಬಳ ಗುದದ ಒಳಅಂಚಿಗೆ ತಿನ್ನುವ ಬಣ್ಣ ಎರಡು ಹನಿ, ಒಬ್ಬಳಿಗೆ ಕೆಂಪು, ಇನ್ನೊಬ್ಬಳಿಗೆ ನೀಲಿ. ಮರುದಿನದ ಮೊಟ್ಟೆ ಮೇಲೆ ಗೀಟು ಬಂದಿರುತ್ತೆ. ಕಡು ಕಂದಿನ ಮೇಲೆ ಕೆಂಪು ಕಾಣಲ್ಲ, ಮಾರನ್ಸ್‌ಗೆ ನೀಲಿಯೇ ಹಾಕಿ. ದಿನಕ್ಕೆ ಇಬ್ಬರಿಗಿಂತ ಹೆಚ್ಚು ಬೇಡ.